ಎಸಿ ರೂಮಲ್ಲಿ ಕೂತವರಿಗೆ ಏನಪ್ಪಾ ಸುಸ್ತು?

ಪ್ರಶ್ನೆ: ಮೇಡಂ, ನನಗೆ 31 ವರ್ಷ, ಊರು ಸಕಲೇಶಪುರದ ಹತ್ರ, ಬೆಂಗಳೂರಲ್ಲಿ ಔಟರ್ ರಿಂಗ್ ರೋಡ್ ಕಡೆ ಒಂದು ಎಂಎನ್‌ಸಿಲಿ ಡೇಟಾ ಅನಲಿಸ್ಟ್. ಇಲ್ಲಿ ಸೇರಿ 4 ವರ್ಷ 7 ತಿಂಗಳಾಯ್ತು. ಮೊದಮೊದಲು ಹುಚ್ಚು ಹಿಡಿದಂಗೆ ಕೆಲಸ ಮಾಡ್ತಿದ್ದೆ, ಈಗ ಲ್ಯಾಪ್‌ಟಾಪ್ ತೆಗೆಯೋಕೇ ಮನಸ್ಸಿಲ್ಲ. ಪ್ರತಿ ಸೋಮವಾರ 40 ಸ್ಲೈಡ್‌ನ ವೀಕ್ಲಿ ರಿಪೋರ್ಟ್ ಕಳಿಸ್ತೀನಿ, ಒಬ್ರೂ ಏನೂ ಕೇಳಲ್ಲ. ಒಂದ್ಸಲ ಬೇಕಂತಲೇ ಹಿಂದಿನ ವಾರದ ಚಾರ್ಟ್‌ಗಳನ್ನೇ ಹಾಕಿ ಕಳಿಸ್ದೆ, 'ಥ್ಯಾಂಕ್ಸ್, ಗುಡ್ ಜಾಬ್' ಅಂತ ರಿಪ್ಲೈ ಬಂತು! ವೀಕೆಂಡ್ ಚೆನ್ನಾಗೇ ಇರ್ತೀನಿ, ನಿದ್ದೆ ಊಟ ಎಲ್ಲಾ ಸರಿ ಇದೆ. ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗಿಗೆ ಎಸ್‌ಕ್ಯೂಎಲ್ ಅನ್ನೋ ಡೇಟಾ ತೆಗೆಯೋ ಕಂಪ್ಯೂಟರ್ ಭಾಷೆ ಹೇಳಿಕೊಡ್ತಾ ಕೂತೆ, ಊಟದ ಟೈಮ್ ಆಗಿದ್ದೇ ಗೊತ್ತಾಗ್ಲಿಲ್ಲ, ಆಮೇಲೆ ಮತ್ತೆ ಅದೇ ಬೇಜಾರು. ಅಪ್ಪಂಗೆ ಹೇಳಿದ್ರೆ 'ಎಸಿ ರೂಮಲ್ಲಿ ಕೂತು ಮಾಡೋ ಕೆಲಸಕ್ಕೆ ಏನೋ ಸುಸ್ತು' ಅಂತಾರೆ. ರಿಸೈನ್ ಮಾಡಿ ತೋಟ ನೋಡ್ಕೊಂಡು ಇದ್ದುಬಿಡೋಣ ಅನ್ಸುತ್ತೆ. ನಾನು ಸೋಮಾರಿ ಆಗೋದ್ನಾ?
— ಹೆಸರು ಬೇಡ, ಬೆಂಗಳೂರು

ಉತ್ತರ: ಸೋಮಾರಿ ಆದವನು ಹಳೇ ಚಾರ್ಟ್ ಹಾಕಿ ಯಾರಾದ್ರೂ ಕಂಡು ಹಿಡೀತಾರಾ ಅಂತ ಪರೀಕ್ಷೆ ಮಾಡ್ತಾ ಕೂರಲ್ಲ ಮಾರಾಯ್ರೇ, ಸುಮ್ನೆ ಹಳೇದನ್ನೇ ಕಳಿಸಿ ಮಲ್ಕೋತಾನೆ. ಯಾರಾದ್ರೂ ನೋಡ್ಲಿ, 'ಏನ್ರೀ ಇದು ತಪ್ಪಿದೆಯಲ್ಲ' ಅಂತ ಒಂದು ಮಾತು ಬೈಲಿ ಅಂತ ನೀವು ಕಾಯ್ತಾ ಇದ್ರಿ, ಬಂದಿದ್ದು ಗುಡ್ ಜಾಬ್. ಅದಕ್ಕಿಂತ ಬೈಗುಳಾನೇ ವಾಸಿ ಇತ್ತು ಅನ್ಸಿರುತ್ತೆ ಅಲ್ವಾ.

ಈಗ ಎಲ್ರೂ ಬಾಯಿ ತೆಗೆದ್ರೆ ಬರ್ನ್‌ಔಟ್ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನ ಐಸಿಡಿ-11 ಅನ್ನೋ ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸ್ತು, ಆದ್ರೆ ಕಾಯಿಲೆ ಅಂತ ಅಲ್ಲ, ಕೆಲಸದಿಂದ ಬರೋ ಒಂದು ಸ್ಥಿತಿ ಅಂತ. ಮೂರು ಲಕ್ಷಣ ಹೇಳುತ್ತೆ: ಮೈಮನಸ್ಸು ಬಸವಳಿದು ಹೋಗೋದು, ಕೆಲಸದ ಮೇಲೆ ತಾತ್ಸಾರ, ನನ್ನ ಕೈಲಿ ಏನೂ ಆಗ್ತಿಲ್ಲ ಅನ್ನೋ ಭಾವನೆ. ನಿಮ್ಮ ಪತ್ರದಲ್ಲಿ ಎರಡನೇದು ಧಾರಾಳವಾಗಿದೆ, ಮೂರನೇದು ಅಲ್ಲಲ್ಲಿ ಇಣುಕುತ್ತೆ, ಮೊದಲನೇದು ಕಾಣಿಸ್ತಿಲ್ಲ, ನಿದ್ದೆ ಸರಿ ಇದೆ ಶನಿವಾರ ಲವಲವಿಕೆ ಇದೆ ಅಂತ ನೀವೇ ಬರ್ದಿದ್ದೀರಿ. ಹಂಗಾಗಿ ಹತ್ತು ದಿನ ರಜೆ ಹಾಕಿ ಗೋಕರ್ಣಕ್ಕೆ ಹೋಗಿ ಬನ್ನಿ ಅಂತ ನಾನು ಹೇಳಲ್ಲ, ಹೋಗಿ ಬಂದ ಸೋಮವಾರ ಮತ್ತೆ ಅದೇ 40 ಸ್ಲೈಡು ಕಾಯ್ತಿರುತ್ತೆ.

ಅಪ್ಪಂಗೆ ಒಂದು ಮಾತು ಹೇಳಿ. ಫ್ರೆಡರಿಕ್ ಹರ್ಜ್‌ಬರ್ಗ್ ಅಂತ ಅಮೆರಿಕದ ಮನಃಶಾಸ್ತ್ರಜ್ಞ, ಎಂಜಿನಿಯರ್‌ಗಳನ್ನ ಅಕೌಂಟೆಂಟ್‌ಗಳನ್ನ ಕೂರಿಸ್ಕೊಂಡು ಮಾತಾಡಿಸಿ 1959ರಲ್ಲೇ ಬರ್ದಿದ್ದಾನೆ, ಸಂಬಳ, ಕೂರೋ ಜಾಗ ಇವೆಲ್ಲ ಸರಿ ಇಲ್ಲ ಅಂದ್ರೆ ಮನುಷ್ಯ ಗೊಣಗ್ತಾನೆ ನಿಜ, ಆದ್ರೆ ಇವು ಸರಿ ಇದ್ದ ಮಾತ್ರಕ್ಕೆ ಹುರುಪು ಬರಲ್ಲ, ಹುರುಪು ಬರೋದು ಕೆಲಸದಲ್ಲಿ ಏನೋ ಸಾಧಿಸ್ದೆ, ಯಾರೋ ಗುರುತಿಸಿದ್ರು ಅನ್ನೋದ್ರಿಂದ ಅಂತ. ಎಸಿ ಇದೆ, ಸರಿ. ನಿಮ್ಮ ರಿಪೋರ್ಟ್ ಓದೋರು ಎಲ್ಲಿದಾರೆ?

ಆ ಹುಡುಗಿಗೆ ಹೇಳಿಕೊಡ್ತಾ ಊಟ ಮರೆತ್ರಲ್ಲ, ಪೂರ್ತಿ ಪತ್ರದಲ್ಲಿ ಅದೊಂದೇ ಸಾಲು ಖುಷಿಯಾಗಿ ಬರ್ದಿರೋದು, ನೀವೇ ಗಮನಿಸಿಲ್ಲ ಅನ್ಸುತ್ತೆ. ಅಲ್ಲಿ ನಿಮ್ಮ ಎದುರಿಗೆ ಒಬ್ಬರು ಇದ್ರು, ಅರ್ಥ ಆದ್ರೆ ಮುಖ ಅರಳ್ತಿತ್ತು, ಆಗ್ಲಿಲ್ಲ ಅಂದ್ರೆ ಅಲ್ಲೇ ಕೇಳ್ತಿದ್ರು. ಹಂಗಾದ್ರೆ ಮೊದಲು ಆ ರಿಪೋರ್ಟ್ ಕಥೆ ಮುಗಿಸಿ. ಮ್ಯಾನೇಜರ್‌ಗೆ 'ನಂಗೆ ಮೋಟಿವೇಶನ್ ಇಲ್ಲ' ಅಂತ ಮಾತ್ರ ಹೇಳೋಕೆ ಹೋಗ್ಬೇಡಿ, ಅದು ನೇರ ಅಪ್ರೈಸಲ್ ಫೈಲಿಗೆ ಹೋಗಿ ಕೂರುತ್ತೆ. 'ಸರ್, ಈ ಸ್ಲೈಡ್‌ಗಳಲ್ಲಿ ಯಾವುದನ್ನ ಯಾರು ಯೂಸ್ ಮಾಡ್ತಾರೆ, ಬೇಕಾಗಿರೋ ಐದು ಇಟ್ಕೊಂಡು ಉಳಿದಿದ್ದು ನಿಲ್ಲಿಸ್ಲಾ, ಆ ಟೈಮಲ್ಲಿ ಹೊಸಬರ ಟ್ರೈನಿಂಗ್ ನಾನು ತಗೋತೀನಿ' ಅಂತ ಕೇಳಿ. ಒಪ್ಪಿದ್ರೆ ಆರು ತಿಂಗಳು ನೋಡಿ. ಇಲ್ಲ, ಬಾಯಿ ಮುಚ್ಕೊಂಡು 40 ಸ್ಲೈಡೂ ಕಳಿಸಿ ಅಂದ್ರೆ ನಿಮ್ಮ ಟೈಮ್ ಅಲ್ಲಿ ಮುಗೀತು, ಬೇರೆ ಕಡೆ ಹುಡುಕಿ.

ಬಿಡೋದೇ ಆದ್ರೂ ಲೆಕ್ಕ ಹಾಕಿ ಬಿಡಿ. 5 ವರ್ಷ ತುಂಬಿದ್ರೆ ಗ್ರಾಚ್ಯುಟಿ, ಅಂದ್ರೆ ಬಿಡುವಾಗ ಕಂಪನಿ ಕೊಡೋ ಇಡುಗಂಟು, ಬರುತ್ತೆ, ಕೊನೇ ಸಂಬಳದಲ್ಲಿ ಗ್ರಾಚ್ಯುಟಿ ಲೆಕ್ಕಕ್ಕೆ ಬರೋ ಭಾಗವನ್ನ (ಮುಖ್ಯವಾಗಿ ಬೇಸಿಕ್ ಮತ್ತು ಡಿಎ ಅಂದ್ರೆ ತುಟ್ಟಿಭತ್ಯೆ) 26ರಿಂದ ಭಾಗಿಸಿ 15ರಿಂದ ಗುಣಿಸಿ, ಅದನ್ನ ಸರ್ವಿಸ್ ವರ್ಷದಿಂದ ಗುಣಿಸ್ಬೇಕು. ಆ ಭಾಗ 40 ಸಾವಿರ ಅಂದ್ಕೊಂಡ್ರೆ 5 ವರ್ಷಕ್ಕೆ ಸುಮಾರು 1 ಲಕ್ಷ 15 ಸಾವಿರ. ನಿಮ್ಮಲ್ಲಿ 90 ದಿನದ ನೋಟಿಸ್ ಇದ್ರೆ ಅದನ್ನ ಪೂರ್ತಿ ಮಾಡಿದ ದಿನಗಳೂ ಸರ್ವಿಸ್‌ಗೆ ಸೇರುತ್ತೆ, ಅಂದ್ರೆ ಎರಡೂವರೆ ತಿಂಗಳು ತಡ್ಕೊಂಡು ಪೇಪರ್ ಹಾಕಿದ್ರೆ ಸಾಕು, ಲಾಸ್ಟ್ ವರ್ಕಿಂಗ್ ಡೇ 5 ವರ್ಷ ದಾಟಿರ್ಲಿ ಅಷ್ಟೇ. ಬೇರೆ ಕಂಪನಿಗೆ ಹೋದ್ರೆ ಪಿಎಫ್ ಡ್ರಾ ಮಾಡ್ಬೇಡಿ, ಟ್ರಾನ್ಸ್‌ಫರ್ ಮಾಡಿಸಿ.

ತೋಟದ ವಿಷ್ಯ, ನಾನು ಬೇಡ ಅನ್ನಲ್ಲ. ಆದ್ರೆ ಮಾರ್ಚ್‌ನಲ್ಲಿ ಕಾಫಿ ಗಿಡ ಹೂ ಬಿಡೋಕೆ ಬೇಕಾದ ಹೂಮಳೆ ಕೈಕೊಟ್ರೆ ಯಾವ ಎಚ್‌ಆರ್‌ಗೂ ಮೇಲ್ ಹಾಕೋಕಾಗಲ್ಲ, ಕೊಯ್ಲಿನ ಟೈಮಲ್ಲಿ ಆಳು ಸಿಗಲ್ಲ. ಡಿಸೆಂಬರಲ್ಲೋ ಜನವರಿಯಲ್ಲೋ ಒಂದು ವಾರ ರಜೆ ಹಾಕಿ, ಅಪ್ಪನ ಜೊತೆ ಕಣದಲ್ಲಿ ನಿಂತು ನೋಡಿ ಆಮೇಲೆ ಹೇಳಿ.

ಪ್ರಶ್ನೆ: ನಮ್ಮ ಯಜಮಾನ್ರು ಐಟಿಲಿ ಇದಾರೆ. ಎರಡು ತಿಂಗಳಿಂದ ಕೆಲಸದಲ್ಲಿ ಆಸಕ್ತಿನೇ ಇಲ್ಲ, ರಾತ್ರಿ 3 ಗಂಟೆಗೆ ಎದ್ದು ಕೂರ್ತಾರೆ, ಊಟ ಸೇರಲ್ಲ, ಮಗು ಜೊತೆನೂ ಆಡಲ್ಲ, 'ಇದ್ದು ಏನು ಪ್ರಯೋಜನ' ಅಂತಾರೆ. ದಿನಾ ಮೋಟಿವೇಶನ್ ವಿಡಿಯೋ ಕಳಿಸ್ತೀನಿ, ನೋಡೋದೇ ಇಲ್ಲ.
— ಒಬ್ಬ ಗೃಹಿಣಿ, ಯಲಹಂಕ

ಉತ್ತರ: ವಿಡಿಯೋ ಇವತ್ತೇ ನಿಲ್ಲಿಸಿ. ಮೇಲಿನವ್ರದ್ದು ಆಫೀಸಿನ ಬೇಜಾರು, ನಿಮ್ಮವರದ್ದು ಹಂಗೆ ಕಾಣ್ತಿಲ್ಲ ಅಮ್ಮಾ, ಮಗು ಜೊತೆನೂ ಆಡೋಕೆ ಮನಸ್ಸಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸ್ಬೇಕು. 'ಸಾಯೋ ಯೋಚನೆ ಬರ್ತಿದೆಯಾ' ಅಂತ ನೇರವಾಗಿ ಕೇಳಿ, ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ, ಹೆದರ್ಬೇಡಿ. ಹೌದು ಅಂದ್ರೆ ಒಬ್ರನ್ನೇ ಬಿಡದೆ ಅವತ್ತೇ ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ, ಎಮರ್ಜೆನ್ಸಿ ದಿನದ 24 ಗಂಟೆನೂ ಇರುತ್ತೆ. ಇಲ್ಲ ಅಂದ್ರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಇಲ್ಲ, ಮೊದಲು ನೀವೇ ಮಾಡಿ ಕೇಳಬಹುದು. ಆಸ್ಪತ್ರೆಗೆ ಬರಲ್ಲ ಅಂತ ಹಟ ಮಾಡಿದ್ರೆ 'ನಿದ್ದೆ ಬರ್ತಿಲ್ವಲ್ಲ, ಅದಕ್ಕೆ ತೋರಿಸೋಣ' ಅಂತ ಹೇಳಿ ಕರ್ಕೊಂಡು ಹೋಗಿ, ಒಳಗೆ ನೀವೂ ಜೊತೆಗೇ ಕೂತ್ಕೊಳ್ಳಿ.