ಕೋವಿಡ್ ಕಾಲದಂತೆ ಶಾಲೆ ಮತ್ತೆ ಮುಚ್ಚಿದರೆ ಎಸ್ಟೇಟ್ ಲೈನ್ (ಕಾಫಿ ತೋಟದ ಕೂಲಿಯವರ ಸಾಲುಮನೆ) ಮಕ್ಕಳಿಗೆ ಯಾವ ಟ್ಯಾಬ್ ಕೊಡಿಸಬೇಕು?

ಯಾವುದೂ ಬೇಡ. ಮೂಡಿಗೆರೆ ಕಡೆಯ ಲೈನ್‌ಮನೆ, ಇಪ್ಪತ್ತು ಮಕ್ಕಳು ಅಂದಿದ್ದೀರಿ. ಅಲ್ಲಿ ಮಳೆ ಹಿಡಿದ ಮೇಲೆ ಕರೆಂಟು ಹೋದರೆ ಬಂದಾಗ ಬಂತು. ಅದರ ಹಿಂದೆಯೇ ಟವರೂ ಮಲಗುತ್ತದೆ. ಟ್ಯಾಬಿನ ದುಡ್ಡು ನನ್ನ ಕೈಲಿದ್ದರೆ ಲೈನಿನಲ್ಲೇ ಇರುವ, ಪಿಯುಸಿ ಮುಗಿಸಿದ ಹುಡುಗಿಯೊಬ್ಬಳಿಗೆ ಮಕ್ಕಳಿಗೆ ಪಾಠ ಹೇಳಲು ತಿಂಗಳ ಸಂಬಳ ಮಾಡುತ್ತೇನೆ.

ಮಕ್ಕಳನ್ನು ಕ್ಲಾಸಿನ ಲೆಕ್ಕದಲ್ಲಿ ಕೂರಿಸಬೇಡಿ. ಒಬ್ಬೊಬ್ಬರನ್ನೇ ಕರೆದು ಐದು ನಿಮಿಷ ಓದಿಸಿ: ಅಕ್ಷರ, ಪದ, ನಾಲ್ಕು ಸಾಲಿನ ಪ್ಯಾರಾ. ಎಲ್ಲಿ ತಡವರಿಸಿದರೋ ಅದೇ ಅವರ ಗುಂಪು, ಐದನೇ ಕ್ಲಾಸಿನವನು ಒತ್ತಕ್ಷರದಲ್ಲಿ ನಿಂತರೂ ಸರಿ. ಗುಂಪಿಗೆ ಆರೇಳು ಮಕ್ಕಳು, ದಿನಕ್ಕೆ 45 ನಿಮಿಷ.

ಜಾಗಕ್ಕೆ ಕಾಫಿ ಒಣಗಿಸುವ ಕಣ ಕೇಳಿ. ಗಾಳಿ ಆಡುತ್ತದೆ, ಸಿಮೆಂಟ್ ನೆಲವೇ ಬೋರ್ಡು. ಒಂದೊಂದು ಮೀಟರ್ ಬಿಟ್ಟು ಸೀಮೆಸುಣ್ಣದಲ್ಲಿ ಚೌಕ ಹಾಕಿ, ಮಗು ತನ್ನ ಚೌಕದೊಳಗೇ ಬರೆಯಲಿ. ಅಂತರವೂ ಆಯಿತು, ಸ್ಲೇಟೂ ಆಯಿತು. ಮಳೆಗಾಲದಲ್ಲಿ ಇದು ನಡೆಯದು, ನವೆಂಬರ್‌ಗೆ ಅರೇಬಿಕಾ ಕುಯ್ಲು ಶುರುವಾದರೆ ಕಣವೇ ಸಿಗದು. ಗೋದಾಮಿನ ಜಗುಲಿಗೆ ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಮೊದಲೇ ಮಾತಾಡಿಡಿ.

ಎಲ್ಲ ಕೆಡುವುದು ವರ್ಕ್‌ಶೀಟಿನಲ್ಲಿ. ಹಂಚುವವರಿಗೆ ಹಂಚಿದ ಫೋಟೋ ಸಾಕು, ಹಾಳೆ ವಾಪಸು ಬಂತಾ ಎಂದು ಕೇಳುವವರಿಲ್ಲ. ಬಂದದ್ದನ್ನೂ ತಿದ್ದದೆ ಕಟ್ಟಿಟ್ಟರೆ ಎರಡು ಮೂರು ವಾರಕ್ಕೆ ಬರೆಯುವುದು ನಿಲ್ಲುತ್ತದೆ. ಯಾರೂ ನೋಡುವುದಿಲ್ಲ ಅನ್ನುವುದು ಆರು ವರ್ಷದ ಮಗುವಿಗೂ ತಿಳಿಯುತ್ತದೆ. ಆಮೇಲೆ ಮಗುವಿನ ಬದಲು ಅದರ ಅಕ್ಕ ಬರೆದು ಕಳಿಸುತ್ತಾಳೆ, ಎಲ್ಲ ಸರಿಯಿದೆ ಎಂದು ನೀವು ಮುಂದಿನ ಪಾಠಕ್ಕೆ ಹೋಗುತ್ತೀರಿ. ಆದ್ದರಿಂದ ಮಗುವಿಗೆ ಎರಡು ಜಿಪ್ ಕವರ್: ಒಂದು ಮನೆಯಲ್ಲಿ, ಇನ್ನೊಂದು ತಿದ್ದುವವರ ಬಳಿ. ಹಳೆಯದು ಬಾರದೆ ಹೊಸದಿಲ್ಲ. ವಾರಕ್ಕೆ ನಾಲ್ಕೇ ಹಾಳೆ; ಹತ್ತು ಕೊಟ್ಟರೆ ತಿದ್ದುವವರೇ ಕೈಚೆಲ್ಲುತ್ತಾರೆ. ತಪ್ಪಾದ ಲೆಕ್ಕದ ಪಕ್ಕ ಸರಿಯಾದ ಹೆಜ್ಜೆ ಬರೆದು, ಅಂಥದೇ ಇನ್ನೊಂದನ್ನು ಮುಂದಿನ ವಾರ ಕೊಡಿ. ಇಂಕ್‌ಜೆಟ್ ಪ್ರಿಂಟ್ ಬೇಡ, ಮಲೆನಾಡಿನ ತೇವಕ್ಕೆ ಕಲಸಿಹೋಗುತ್ತದೆ, ಜೆರಾಕ್ಸ್ ಆದರೆ ಅಳಿಸದೆ ಉಳಿಯುತ್ತದೆ.

ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ, ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಮಾಡಲೆಂದು 2020ರ ಆಗಸ್ಟ್‌ನಲ್ಲಿ ಸರ್ಕಾರ ಶುರುಮಾಡಿದ ವಿದ್ಯಾಗಮವೂ ವಠಾರದಲ್ಲೇ ನಡೆದಿತ್ತು, ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ನಿಂತಿತು. ನಿಮ್ಮ ಗುಂಪೂ ಹಾಗೆ ನಿಲ್ಲಬಹುದು, ಕವರ್ ನಿಲ್ಲಬಾರದು. ಆಗ ಬಿಸಿಯೂಟದ ಬದಲು ಅಕ್ಕಿ, ಬೇಳೆ ಕೊಟ್ಟಿದ್ದರು. ಅಂಥ ದಿನ ಮನೆಯವರು ಶಾಲೆಗೆ ಬಂದೇ ಬರುತ್ತಾರೆ, ಕವರ್ ಅಲ್ಲೇ ಬದಲಾಯಿಸಿ. ಸಂಜೆ ಅಪ್ಪ ತೋಟದಿಂದ ಬಂದ ಮೇಲೆ ಫೋನ್ ಮಾಡಿ, ಮಗುವಿನ ಕೈಲಿ ಹತ್ತು ನಿಮಿಷ ಗಟ್ಟಿಯಾಗಿ ಓದಿಸಿ. ಅದಕ್ಕೆ ಕೀಪ್ಯಾಡ್ ಫೋನ್ ಸಾಕು.