ಅಂಗಳದಿಂದ ಕಾಣುವ ಬೆಟ್ಟ

ಗುರುತು ಸಿಗದಂತೆ ಈ ಪ್ರಕರಣದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಆ ತಾಯಿಯ ಒಪ್ಪಿಗೆ ಇದೆ. ಹೆಸರಿನ ಬದಲು ಅವರನ್ನು ಇಲ್ಲಿ ಅಮ್ಮ ಎಂದೇ ಕರೆಯುತ್ತೇನೆ. ಸಮಾಲೋಚನೆಯ ಕೊಠಡಿಯಲ್ಲಿಯೂ ಹಾಗೆಯೇ ಕರೆಯುತ್ತಿದ್ದೆ.

ಜುಲೈ ತಿಂಗಳ ಜಡಿಮಳೆಯ ಒಂದು ದಿನ, ಕಕ್ಕಬ್ಬೆ ಕಡೆಯ ಕಾಫಿ ತೋಟದ ಮನೆಯಿಂದ 67 ವರ್ಷದ ಅಮ್ಮನನ್ನು ಸೊಸೆ ಮಡಿಕೇರಿಗೆ ಕರೆದುಕೊಂಡು ಬಂದರು. ಬೆಂಗಳೂರಿನಲ್ಲಿರುವ ಮಗ ಅದಕ್ಕೆ ಎರಡು ದಿನ ಮೊದಲೇ ದೂರವಾಣಿಯಲ್ಲಿ ನನಗೆ ವಿಷಯ ತಿಳಿಸಿದ್ದರು: "ಅಪ್ಪ ಹೋದ ಮೇಲೆ ಅಮ್ಮ ಮೊಬೈಲಿನಲ್ಲಿ ಸಿನಿಮಾ ನೋಡಿ ನೋಡಿ ಹೀಗಾಗಿದ್ದಾರೆ ಮೇಡಂ. ತಡಿಯಂಡಮೋಳ್ ಬೆಟ್ಟ ಹತ್ತುತ್ತಾರಂತೆ. ಡಿಪ್ರೆಷನ್ ಇರಬಹುದು, ನೀವೊಮ್ಮೆ ನೋಡಿ."

ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ ಪತಿಯನ್ನು ಅಮ್ಮ ಐದು ವರ್ಷ ನೋಡಿಕೊಂಡಿದ್ದರು. ಅವರು ತೀರಿಕೊಂಡು ಒಂದು ವರ್ಷ ಕಳೆದಿತ್ತು. ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸುವುದಕ್ಕೆ ಏಳುತ್ತಿದ್ದ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲವಾದ್ದರಿಂದ, ಎಚ್ಚರವಾದಾಗ ಮಾಡಲು ಕೆಲಸವಿಲ್ಲದೆ ಸಿನಿಮಾ ನೋಡತೊಡಗಿದ್ದರು. ಮೊದಲು ನೋಡಿದ್ದು 2022ರ ಹಿಂದಿ ಚಿತ್ರ ‘ಊಂಚಾಯಿ’. ತೀರಿಹೋದ ಗೆಳೆಯನ ಆಸೆಯಂತೆ ಮೂವರು ವೃದ್ಧರು ಅವನ ಚಿತಾಭಸ್ಮ ಹೊತ್ತು 5,364 ಮೀಟರ್ ಎತ್ತರದ ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೊರಡುವ ಕಥೆ. ಆಮೇಲೆ ಮೊಮ್ಮಗಳು ತೋರಿಸಿದ್ದು 2017ರ ಇಂಗ್ಲಿಷ್ ಚಿತ್ರ ‘ಈಡಿ’. ಅದರಲ್ಲಿ, ಹಲವು ವರ್ಷ ಗಂಡನ ಶುಶ್ರೂಷೆ ಮಾಡಿ ವಿಧವೆಯಾದ ಮುದುಕಿಯೊಬ್ಬಳು ಸ್ಕಾಟ್ಲೆಂಡಿನ 731 ಮೀಟರ್ ಎತ್ತರದ ಸೂಲ್ವೆನ್ ಬೆಟ್ಟವನ್ನು ಹತ್ತುತ್ತಾಳೆ. ಪಾತ್ರ ವಹಿಸಿದ ಶೀಲಾ ಹ್ಯಾನ್ಕಾಕ್ ಎಂಬತ್ತು ದಾಟಿದ್ದರೂ ಆ ಬೆಟ್ಟವನ್ನು ನಿಜವಾಗಿಯೇ ಹತ್ತಿದ್ದರು ಎಂದು ಮೊಮ್ಮಗಳು ಹೇಳಿದ್ದು ಅಮ್ಮನ ಮನಸ್ಸಿನಲ್ಲಿ ನಾಟಿತ್ತು. ಮಾತು ಅರ್ಧವೂ ಅರ್ಥವಾಗಿರಲಿಲ್ಲವಂತೆ. ಅರ್ಥವಾಗಬೇಕಾದದ್ದು ಆಗಿತ್ತು ಎಂದು ನನಗೆ ತೋರುತ್ತದೆ.

ನಾನು ತಪ್ಪಿದ್ದು ಇಲ್ಲಿ. ಎರಡು ಭೇಟಿಗಳನ್ನು ಪೂರ್ತಿಯಾಗಿ ದುಃಖದ ವಿಚಾರಕ್ಕೇ ಮೀಸಲಿಟ್ಟೆ. ಹಸಿವು, ನಿದ್ದೆ, ಅಳು, ತಪ್ಪಿತಸ್ಥ ಭಾವ ಎಲ್ಲವನ್ನೂ ಕೇಳಿದೆ. ಕೊನೆಗೆ, ಕೇಳಲೇಬೇಕಾದ ಪ್ರಶ್ನೆಯನ್ನೂ ನೇರವಾಗಿ ಕೇಳಿದೆ: "ಅಮ್ಮ, ಅಲ್ಲಿಂದ ಮರಳಿ ಬರಬಾರದು ಎನ್ನುವ ಯೋಚನೆ ಏನಾದರೂ ಇದೆಯೇ?" ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಹತ್ತುವಾಗಿನದಕ್ಕಿಂತ ಇಳಿಯುವಾಗ ಮೊಣಕಾಲು ಜಾಸ್ತಿ ನೋಯ್ತದೆ ಅಂತಾರಲ್ಲ ಮೇಡಂ, ಅದಕ್ಕೇನು ಮಾಡೋದು ಅಂತ ಕೇಳುವಾ ಅಂತ ಬಂದದ್ದು ನಾನು. ಮಗನೂ ಕೇಳಲಿಲ್ಲ, ನೀವೂ ಕೇಳಲಿಲ್ಲ."

ಇಳಿಯುವ ದಾರಿಯ ಚಿಂತೆ ಇರುವವರು ಮನೆಗೆ ಮರಳುವ ಲೆಕ್ಕದಲ್ಲಿಯೇ ಹೊರಡುತ್ತಾರೆ.

ಮುಂದಿನ ಭೇಟಿಗೆ ಅವರು ಒಂದು ನೋಟ್‌ಪುಸ್ತಕ ತಂದರು. ಮುಂದಿನಿಂದ ತೆರೆದರೆ ಪತಿಯ ಔಷಧಿಯ ವೇಳಾಪಟ್ಟಿ. ಬೆಳಿಗ್ಗೆ ಏಳು, ಮಧ್ಯಾಹ್ನ ಒಂದು, ರಾತ್ರಿ ಒಂಬತ್ತು, ಪ್ರತಿಯೊಂದರ ಎದುರಿಗೂ ಗೀಟು. ಕೊನೆಯ ಗೀಟಿನ ನಂತರ ಹದಿನೈದು ಇಪ್ಪತ್ತು ಹಾಳೆ ಖಾಲಿ. ಪುಸ್ತಕವನ್ನು ತಿರುವಿ ಹಿಂದಿನಿಂದ ತೆರೆದರೆ, ಅದೇ ಕೈಬರಹದಲ್ಲಿ ಬೇರೆ ಲೆಕ್ಕ: "ಗೇಟಿನಿಂದ ಕಾಫಿ ಕಣದವರೆಗೆ 2 ಸುತ್ತು. ಎಡ ಮೊಣಕಾಲು ಸ್ವಲ್ಪ." "ಮಳೆ. ಜಗಲಿಯಲ್ಲೇ 40 ಸುತ್ತು."

ಹಿರಿಯರಲ್ಲಿ ಒಮ್ಮೆಗೇ ಹುಟ್ಟುವ ಸಾಹಸದ ಹಂಬಲ ಕೆಲವೊಮ್ಮೆ ಕಾಯಿಲೆಯ ಸೂಚನೆಯಾಗಿರುವುದುಂಟು. ನಿದ್ದೆಯೇ ಬೇಡವೆನಿಸಿ ಉತ್ಸಾಹ ಉಕ್ಕುವುದು, ಯೋಚಿಸದೆ ಹಣ ಚೆಲ್ಲುವುದು, ಪರಿಚಿತ ದಾರಿ ತಪ್ಪುವುದು, ಸಂಕೋಚವಿದ್ದ ಮನುಷ್ಯ ಹಠಾತ್ತನೆ ಸಂಕೋಚ ಕಳೆದುಕೊಳ್ಳುವುದು ಕಂಡುಬಂದರೆ ಮನೋವೈದ್ಯರಲ್ಲಿಗೆ ಕಳಿಸಲೇಬೇಕು. ಇವುಗಳಲ್ಲಿ ಒಂದೂ ಅಮ್ಮನಲ್ಲಿ ಇರಲಿಲ್ಲ. ದುಃಖ ಇತ್ತು. ಆದರೆ ನೋವಾದ ಮೊಣಕಾಲು ಯಾವುದೆಂದು ದಿನವೂ ಬರೆದಿಡುವ ವ್ಯಕ್ತಿಯನ್ನು ಸಿನಿಮಾ ಹುಚ್ಚು ಹಿಡಿದವರೆಂದು ಹೇಳಲು ನನಗೆ ಮನಸ್ಸು ಒಪ್ಪಲಿಲ್ಲ.

ಆಕೆಯ ಮನೆಯಂಗಳದಿಂದ, ಮೋಡವಿಲ್ಲದ ದಿನ, ತಡಿಯಂಡಮೋಳ್ ಕಾಣುತ್ತದೆ. 1,748 ಮೀಟರ್, ಕೊಡಗಿನಲ್ಲೇ ಎತ್ತರದ ಶಿಖರ. ಮದುವೆಯಾಗಿ ಬಂದ ದಿನದಿಂದ ಅದನ್ನು ನೋಡುತ್ತ, ವಾರದ ಕೊನೆಯಲ್ಲಿ ಬೆಂಗಳೂರಿನಿಂದ ಬರುವ ಹುಡುಗರಿಗೆ ದಾರಿ ಹೇಳುತ್ತ, ಕೆಲವರಿಗೆ ಕಾಫಿಯನ್ನೂ ಕೊಟ್ಟು ಕಳಿಸುತ್ತ ಬಂದಿದ್ದರೂ, ತಾವು ಬೆಟ್ಟದ ಬುಡದಲ್ಲಿರುವ 1792ರ ನಾಲ್ಕುನಾಡು ಅರಮನೆಯಿಂದ ಆಚೆಗೆ ಒಂದು ಹೆಜ್ಜೆ ಇಟ್ಟವರಲ್ಲ. ಹೋಗಬಾರದೆಂದು ಯಾರೂ ಹೇಳಿರಲಿಲ್ಲ, ಹೋಗುವಿರಾ ಎಂದೂ ಯಾರೂ ಕೇಳಿರಲಿಲ್ಲ.

ಸಿನಿಮಾದ ಬಗ್ಗೆ ನಾನು ಅವರಿಗೆ ಹೇಳಿದ್ದು ಇಷ್ಟು. ಇಂಥ ಚಿತ್ರಗಳು ಆಸೆಯನ್ನು ಸರಿಯಾಗಿ ತೋರಿಸುತ್ತವೆ, ಅಭ್ಯಾಸದ ತಿಂಗಳುಗಳನ್ನು ಮಾತ್ರ ಒಂದು ಹಾಡಿನೊಳಗೆ ಮುಗಿಸಿಬಿಡುತ್ತವೆ. ಅದಕ್ಕಾಗಿಯೇ ಮೂರನೆಯ ಚಿತ್ರವಾಗಿ, 2023ರ ‘ನಯಾಡ್’ ನೋಡಲು ಸೂಚಿಸಿದೆ. ಡಯಾನಾ ನಯಾಡ್ ಕ್ಯೂಬಾದಿಂದ ಫ್ಲಾರಿಡಾದವರೆಗೆ ಈಜಲು 1978ರಲ್ಲಿ ಮೊದಲ ಬಾರಿ ಪ್ರಯತ್ನಿಸಿ, 2013ರಲ್ಲಿ ಐದನೆಯ ಪ್ರಯತ್ನದಲ್ಲಿ, 64ನೆಯ ವಯಸ್ಸಿನಲ್ಲಿ ದಡ ಸೇರಿದವರು. ಆ ಈಜಿಗೆ ಅಧಿಕೃತ ಮಾನ್ಯತೆ ಸಿಕ್ಕಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ನಾನು ತೋರಿಸಬೇಕೆಂದಿದ್ದುದು ಎರಡು ಸಂಗತಿ: ನಾಲ್ಕು ಸಲ ಅರ್ಧಕ್ಕೆ ನಿಲ್ಲಿಸಿದ್ದು, ಮತ್ತು ಉದ್ದಕ್ಕೂ ಪಕ್ಕದ ದೋಣಿಯಲ್ಲಿ ಗೆಳತಿಯೊಬ್ಬಳು ಇದ್ದದ್ದು.

ಅಮ್ಮನಿಗೆ ಕೊಟ್ಟ ಸಲಹೆಗಳು ಸಾಧಾರಣವಾದವು. ವೈದ್ಯರಲ್ಲಿ ರಕ್ತದೊತ್ತಡ, ಇಸಿಜಿ, ಕಣ್ಣು ಮತ್ತು ಮೊಣಕಾಲಿನ ತಪಾಸಣೆ ಆಗುವವರೆಗೆ ಏರು ಹತ್ತಬಾರದು. ಇಳಿಜಾರಿನಲ್ಲಿ ಮೈಭಾರ ಮೊಣಕಾಲಿನ ಮೇಲೆ ಬೀಳುವುದರಿಂದ ಎರಡು ಊರುಗೋಲು ಹಿಡಿದು, ಚಿಕ್ಕ ಹೆಜ್ಜೆಯಲ್ಲಿ ಇಳಿಯುವುದನ್ನು ತೋಟದ ಇಳಿಜಾರಿನಲ್ಲಿಯೇ ಕಲಿಯಬೇಕು. ಜಿಗಣೆ ಮತ್ತು ಜಾರಿಕೆಯ ಮಳೆಗಾಲ ಮುಗಿಯಲಿ. ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳಬೇಕು. ಆನೆ ಓಡಾಡುವ ಕಾಡಾದ್ದರಿಂದ ಚೆನ್ನಾಗಿ ಬೆಳಕು ಹರಿದ ಮೇಲೆಯೇ ಹೊರಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿರುಗುವ ಗಂಟೆಯನ್ನು ಮನೆಯಲ್ಲಿಯೇ ನಿಶ್ಚಯಿಸಬೇಕು. ತುದಿ ಕೈಗೆಟುಕುವಂತಿದ್ದರೂ ಆ ಗಂಟೆಗೆ ತಿರುಗಬೇಕು.

ಹೆಚ್ಚು ಸಮಯ ಹಿಡಿದದ್ದು ಮಗನ ಜೊತೆಗಿನ ಮಾತು. ತಂದೆಯ ಕೊನೆಯ ದಿನಗಳಲ್ಲಿ ಊರಲ್ಲಿ ಇರಲಾಗಲಿಲ್ಲವೆಂಬ ಕೊರಗು ಅವರಲ್ಲಿತ್ತು. ಅಮ್ಮನಿಗೆ ಏನಾದರೂ ಆದರೆ ಎಂಬ ಭಯ ಆ ಕೊರಗಿನಿಂದಲೇ ಬಂದದ್ದೆಂದು ಅವರೇ ಮೂರನೆಯ ಕರೆಯಲ್ಲಿ ಹೇಳಿದರು. ನಾನು ಕೇಳಿದೆ, ಐದು ವರ್ಷ ರಾತ್ರಿ ಎರಡು ಗಂಟೆಗೆ ಎದ್ದು ಒಬ್ಬರೇ ಒಂದು ಗಂಡಸಿನ ದೇಹವನ್ನು ಮಗ್ಗುಲು ಬದಲಿಸುತ್ತಿದ್ದಾಗ ಅಮ್ಮನ ಮೊಣಕಾಲಿನ ಬಗ್ಗೆ ಯಾರಿಗಾದರೂ ಭಯವಾಗಿತ್ತೇ ಎಂದು. ಸ್ವಲ್ಪ ಕಟುವಾಯಿತೇನೋ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬೇಡ ಎನ್ನುವ ಹಕ್ಕಿನ ಬದಲು ಜೊತೆಗೆ ಬರುವ ಕೆಲಸವನ್ನು ತೆಗೆದುಕೊಳ್ಳಿ ಎಂದೆ. ವೈದ್ಯರು ಬೇಡವೆಂದರೆ ಅಮ್ಮ ಒಪ್ಪಬೇಕು, ವೈದ್ಯರು ಒಪ್ಪಿದರೆ ಮಗ ಒಪ್ಪಬೇಕು ಎಂಬ ಕರಾರಿಗೆ ಇಬ್ಬರೂ ಬಂದರು.

ವೈದ್ಯರು ಮಾತ್ರೆಯ ಪ್ರಮಾಣ ಬದಲಿಸಿ, ಎರಡು ತಿಂಗಳ ವ್ಯಾಯಾಮ ಹೇಳಿ, ಒಪ್ಪಿದರು. ಹುತ್ತರಿಗೆ ಊರಿಗೆ ಬಂದಿದ್ದ ಮಗ, ಮೊಮ್ಮಗಳು, ದಾರಿ ಬಲ್ಲ ನೆರೆಯವರೊಬ್ಬರ ಜೊತೆ ಅಮ್ಮ ಅಕ್ಕಿರೊಟ್ಟಿ ಮತ್ತು ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಕಟ್ಟಿಕೊಂಡು ಹೊರಟರು. ಕೊನೆಯ ಕಡಿದಾದ ಏರಿನ ಬುಡದವರೆಗೆ ತಲುಪಿದರಂತೆ. ಶಿಖರ ಮುಟ್ಟಲಿಲ್ಲ.

ಮರುವಾರ ಬಂದು ನೋಟ್‌ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು. ಹಿಂದಿನ ಹಾಳೆಯಲ್ಲಿ ಹೀಗಿತ್ತು: "11ಕ್ಕೆ ತಿರುಗಿದೆವು. ನನ್ನ ಮೊಣಕಾಲು ಪರವಾಗಿಲ್ಲ. ಮಗನಿಗೆ ಮೀನಖಂಡ ಹಿಡಿದುಕೊಂಡಿತು, ಕೂತೇ ಬಿಟ್ಟ. ರೋಬಸ್ಟಾ ಕೊಯ್ಲಿಗೆ ಮೊದಲು ಇನ್ನೊಂದು ಸಲ. ಅವನಿಗೆ ಅಭ್ಯಾಸ ಬೇಕು."