ಆರೋಗ್ಯ ಪ್ರಶ್ನೋತ್ತರ: ಬಿಲ್ ಕೊಡದ ಆಸ್ಪತ್ರೆಯ ಲೆಕ್ಕ

ಪ್ರಶ್ನೆ: ಮಗಳ ಸಂಸಾರ ಇಂಗ್ಲೆಂಡಿನಲ್ಲಿದೆ. ನಾವು ಅಲ್ಲಿದ್ದಾಗ ಮೊಮ್ಮಗನ ಕೈ ಮುರಿಯಿತು. ಎಕ್ಸ್‌ರೇ ತೆಗೆದು ಪ್ಲಾಸ್ಟರ್ ಹಾಕಿದರು, ಒಂದು ಪೈಸೆಯನ್ನೂ ಕೇಳಲಿಲ್ಲ. ನಮ್ಮ ಸರ್ಕಾರಕ್ಕೆ ಯಾಕೆ ಇದು ಆಗುವುದಿಲ್ಲ?
– ಓದುಗರು, ಶಿವಮೊಗ್ಗ

ಉತ್ತರ: ಆ ದುಡ್ಡನ್ನು ನಿಮ್ಮ ಮಗಳು ಮೊದಲೇ ಕಟ್ಟಿರುತ್ತಾರೆ. 2024ರ ಫೆಬ್ರವರಿಯ ದರದಂತೆ, ಕೆಲಸದ ವೀಸಾದವರು ವರ್ಷಕ್ಕೆ ತಲಾ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಆರೋಗ್ಯ ಶುಲ್ಕವನ್ನು ವೀಸಾ ಅರ್ಜಿಯ ಜೊತೆಗೇ ಕಟ್ಟಬೇಕು. ಗಂಡ, ಹೆಂಡತಿ, ಒಂದು ಮಗು, ಮೂರು ವರ್ಷದ ವೀಸಾ ಎಂದರೆ 8,538 ಪೌಂಡ್. ಆರೋಗ್ಯ ಮತ್ತು ಆರೈಕೆ ಸಿಬ್ಬಂದಿಯ ವೀಸಾಕ್ಕೆ ವಿನಾಯಿತಿ ಇದೆ. ಸಂಬಳದ ತೆರಿಗೆ ಬೇರೆ.

ನೀವು ಕಂಡದ್ದು ತುರ್ತು ಚಿಕಿತ್ಸೆ. ಮಂಡಿ ಬದಲಾಯಿಸಬೇಕಿದ್ದರೆ ನಿಮಗೆ ಬೇರೆಯೇ ಚಿತ್ರ ಸಿಗುತ್ತಿತ್ತು. ಶೇ 92ರಷ್ಟು ಜನರಿಗೆ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬ ಗುರಿಯನ್ನು ಇಂಗ್ಲೆಂಡ್ 2016ರಿಂದ ಮುಟ್ಟಿಲ್ಲ.

ಆದರೂ ಅಲ್ಲಿಂದ ಕಲಿಯಬೇಕಾದದ್ದು ಖಂಡಿತ ಇದೆ. ಅದು ಆ ದೊಡ್ಡ ಆಸ್ಪತ್ರೆಗಿಂತ ಹೆಚ್ಚಾಗಿ ಬೀದಿಯ ಜಿಪಿ, ಅಂದರೆ ಸಾಮಾನ್ಯ ವೈದ್ಯರ ಕ್ಲಿನಿಕ್‌ನಲ್ಲಿದೆ. ಮನೆಮಂದಿಯೆಲ್ಲ ಒಂದು ಕ್ಲಿನಿಕ್‌ನಲ್ಲಿ ಹೆಸರು ಬರೆಸಿರುತ್ತಾರೆ. ಕ್ಲಿನಿಕ್‌ನ ವರಮಾನದ ದೊಡ್ಡ ಪಾಲು ಹೀಗೆ ಹೆಸರು ಬರೆಸಿದವರ ತಲೆಲೆಕ್ಕದಲ್ಲಿ ಬರುತ್ತದೆ. ಹಾಗಾಗಿ ಹೆಚ್ಚು ಸ್ಕ್ಯಾನ್ ಬರೆದರೆ ವೈದ್ಯರಿಗೆ ಹೆಚ್ಚು ದುಡ್ಡು ಎಂಬ ಮಾತೇ ಇಲ್ಲ. ತುರ್ತಲ್ಲದ ಕಾಯಿಲೆಗೆ ತಜ್ಞರನ್ನು ಕಾಣಲು ಸಾಮಾನ್ಯವಾಗಿ ಈ ಜಿಪಿಯ ಪತ್ರ ಬೇಕು.

ನಮ್ಮ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30. ಅದೆಲ್ಲ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಬಿಪಿ ಮಾತ್ರೆ ತಿಂಗಳುಗಟ್ಟಲೆ ತಪ್ಪಿ ಪಾರ್ಶ್ವವಾಯು ಬಡಿದ ಮೇಲೆ ಕಾರ್ಡು ಕೆಲಸಕ್ಕೆ ಬರುತ್ತದೆ, ಅಷ್ಟರಲ್ಲಿ ಒಂದು ಕೈ ಬಿದ್ದುಹೋಗಿರುತ್ತದೆ. ಸುಧಾರಣೆ ಎಂದರೆ ಮೊದಲು ಆ ಮಾತ್ರೆ ತಪ್ಪದಂತೆ ನೋಡಿಕೊಳ್ಳಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲೋ ಗ್ರಾಮಸಭೆಯಲ್ಲೋ ಹೀಗೆ ಕೇಳಿ: ಕಳೆದ ಮೂರು ತಿಂಗಳಲ್ಲಿ ಬಿಪಿಯ ಆಮ್ಲೋಡಿಪಿನ್ 5 ಮಿ.ಗ್ರಾಂ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ 500 ಮಿ.ಗ್ರಾಂ ಎಷ್ಟು ದಿನ ದಾಸ್ತಾನಿನಲ್ಲಿ ಇರಲಿಲ್ಲ? ಒಂದು ಸಲಕ್ಕೆ 30 ದಿನದ್ದು ಕೊಡುತ್ತೀರೋ 10 ದಿನದ್ದೋ? ಹತ್ತೇ ದಿನದ್ದಾದರೆ ಕೂಲಿಯವರು ತಿಂಗಳಿಗೆ ಮೂರು ದಿನದ ದುಡಿಮೆ ಬಿಡಬೇಕು, ಮೂರನೇ ಸಲ ಬರುವುದೇ ಇಲ್ಲ. ‘ಆಸ್ಪತ್ರೆ ಸರಿಯಿಲ್ಲ’ ಎಂದರೆ ಹಾರಿಕೆಯ ಉತ್ತರ ಸಿಗುತ್ತದೆ. ದಾಸ್ತಾನು ಪುಸ್ತಕ ತೋರಿಸಿ ಎಂದರೆ ಅಂಕಿ ಹೇಳಲೇಬೇಕಾಗುತ್ತದೆ.

ಪ್ರಶ್ನೆ: ವಿಸಿಟರ್ ವೀಸಾದಲ್ಲಿ ಹೋಗುವ ನಮ್ಮಂಥ ಹಿರಿಯರಿಗೂ ಅಲ್ಲಿ ಉಚಿತವೇ?
– ಓದುಗರು, ದಾವಣಗೆರೆ

ಉತ್ತರ: ಜಿಪಿ ಭೇಟಿಗೂ ತುರ್ತು ವಿಭಾಗಕ್ಕೂ ದುಡ್ಡಿಲ್ಲ. ವಾರ್ಡಿಗೆ ದಾಖಲಾದಿರೋ, ಮಾಮೂಲಿ ದರದ ಶೇ 150ರಷ್ಟು ಕಟ್ಟಬೇಕು. ತುರ್ತಲ್ಲದ ಚಿಕಿತ್ಸೆಗೆ ಮುಂಗಡವಾಗಿಯೇ. ಪ್ರಯಾಣ ವಿಮೆ ಮಾಡಿಸಿಯೇ ಹೊರಡಿ. ಬಿಪಿ, ಸಕ್ಕರೆ ಕಾಯಿಲೆ, ಹಾಕಿದ ಸ್ಟೆಂಟ್ ಯಾವುದನ್ನೂ ಅರ್ಜಿಯಲ್ಲಿ ಮುಚ್ಚಿಡಬೇಡಿ, ಕ್ಲೇಮ್ ತಿರಸ್ಕೃತವಾಗುವುದು ಹೆಚ್ಚಾಗಿ ಅಲ್ಲೇ. ಔಷಧ ಚೀಟಿಯಲ್ಲಿ ಕಂಪನಿ ಹೆಸರಿನ ಪಕ್ಕದಲ್ಲಿ ಮೂಲ ಔಷಧದ ಹೆಸರನ್ನೂ ವೈದ್ಯರಿಂದ ಬರೆಸಿಕೊಳ್ಳಿ, ನಮ್ಮ ಬ್ರ್ಯಾಂಡುಗಳು ಅಲ್ಲಿಯ ವೈದ್ಯರಿಗೆ ಗೊತ್ತಾಗುವುದಿಲ್ಲ.